ಬಾಯಲ್ಲಿ ಹೇಳಿದ ತಕರಾರು ಅಪೀಲಿನವರೆಗೆ ಬರುವುದಿಲ್ಲ

ಕಳೆದ ವರ್ಷ ಒಂದು ಕೊಲೆ ಕೇಸಿನ ಅಪೀಲು ನನ್ನ ಬಳಿ ಬಂತು. ಜೀವಾವಧಿ ಶಿಕ್ಷೆ. ಆರೋಪಿ ಘಟನೆ ನಡೆದ ಕಡೆಯೇ ಇದ್ದ ಅನ್ನೋದಕ್ಕೆ ಇದ್ದದ್ದು ಮೊಬೈಲಿನ ಸಿಡಿಆರ್ (ಕರೆಗಳ ವಿವರದ ದಾಖಲೆ) ಒಂದೇ. ಇಂಥ ಎಲೆಕ್ಟ್ರಾನಿಕ್ ದಾಖಲೆಯ ಜೊತೆ ಹಳೆಯ ಸಾಕ್ಷ್ಯ ಕಾಯ್ದೆಯ ಕಲಂ 65ಬಿ ಕೇಳುವ ಸರ್ಟಿಫಿಕೇಟೇ ಅದಕ್ಕೆ ಇರಲಿಲ್ಲ. ಒಳ್ಳೆ ಪಾಯಿಂಟ್ ಸಿಕ್ಕಿತು ಅಂದುಕೊಂಡು ಸಾಕ್ಷಿಯ ಹೇಳಿಕೆ ತೆಗೆದರೆ, ಸಿಡಿಆರ್ ಅನ್ನು ಎಕ್ಸಿಬಿಟ್ ಪಿ 14 ಎಂದು ಗುರುತಿಸಲಾಯಿತು ಅಂತಷ್ಟೇ ಇದೆ. ತಕರಾರಿನ ಒಂದಕ್ಷರವೂ ಇಲ್ಲ. ಕೇಸು ನಡೆಸಿದ್ದ ವಕೀಲರಿಗೆ ಫೋನ್ ಮಾಡಿದೆ. "ಅವತ್ತು ಎದ್ದು ನಿಂತು ಹೇಳಿದ್ದೆ ಸರ್, ಬರೆಸಿಕೊಳ್ಳಲಿಲ್ಲ" ಅಂದರು. ನಾನು ನಂಬಿದೆ. ಆದರೆ ಹೈಕೋರ್ಟಿನ ಮುಂದೆ ಏನನ್ನು ತೋರಿಸಲಿ?

ಹರಿಯಾಣದ ಸೋನು ಕೇಸಿನಲ್ಲಿ ಸುಪ್ರೀಂ ಕೋರ್ಟ್ 2017ರಲ್ಲೇ ಇದನ್ನು ಹೇಳಿಬಿಟ್ಟಿದೆ. ಸರ್ಟಿಫಿಕೇಟ್ ಇಲ್ಲ ಅನ್ನೋದು ಸಾಕ್ಷ್ಯವನ್ನು ರುಜುವಾತು ಮಾಡಿದ ರೀತಿಯ ಬಗ್ಗೆ ಇರುವ ತಕರಾರು. ದಾಖಲೆಯನ್ನು ಮಾರ್ಕ್ ಮಾಡುವಾಗಲೇ, ಅಂದರೆ ಎಕ್ಸಿಬಿಟ್ ಎಂದು ಗುರುತಿಸುವಾಗಲೇ, ಎತ್ತಿದ್ದರೆ ಪ್ರಾಸಿಕ್ಯೂಷನ್‌ನವರು ಅದನ್ನು ಸರಿ ಮಾಡಿಕೊಳ್ಳಬಹುದಿತ್ತು, ಆಗ ಸುಮ್ನಿದ್ದು ಅಪೀಲಿನಲ್ಲಿ ಕೇಳುವಂತಿಲ್ಲ. ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆಯಂಥದ್ದು ಬೇರೆ. ಅದು ಹುಟ್ಟಿನಿಂದಲೇ ಸಾಕ್ಷ್ಯವಲ್ಲ, ಹಾಗಾಗಿ ಮಾರ್ಕ್ ಆಗಿದ್ದರೂ ಅಪೀಲಿನಲ್ಲಿ ಆಕ್ಷೇಪಿಸಬಹುದು. ಈ ವ್ಯತ್ಯಾಸ ಗೊತ್ತಿಲ್ಲದೆ, ಕಾನೂನಿನ ಪಾಯಿಂಟ್ ಯಾವಾಗ ಬೇಕಾದರೂ ಎತ್ತಬಹುದು ಅಂತ ಕೂರುವವರೇ ಜಾಸ್ತಿ.

ವಿಚಾರಣೆಯ ಕ್ರಮದಲ್ಲಾದ ತಪ್ಪುಗಳಿಗೂ ಇದೇ ಗತಿ. ಕ್ರಿಮಿನಲ್ ಕೇಸು ನಡೆಸುವ ಕ್ರಮದ ಕಾಯ್ದೆ, ಅಂದರೆ ಹಳೆಯ ಸಿಆರ್‌ಪಿಸಿಯ ಕಲಂ 465, ಈಗಿನ ಬಿಎನ್‌ಎಸ್‌ಎಸ್‌ನ ಕಲಂ 511, ತಪ್ಪಾಗಿದೆ ಅಂದರೆ ಸಾಲದು, ಅದರಿಂದ ನ್ಯಾಯ ಕೆಟ್ಟಿದೆ ಅಂತ ತೋರಿಸಿ ಅನ್ನುತ್ತದೆ. ಜೊತೆಗೆ ಇನ್ನೊಂದು ಮಾತು: ಈ ತಕರಾರನ್ನು ಮೊದಲೇ ಎತ್ತಬಹುದಿತ್ತೇ, ಎತ್ತಬೇಕಿತ್ತೇ ಅಂತ ಅಪೀಲಿನ ಕೋರ್ಟು ನೋಡಲೇಬೇಕು. ಕೆಳಗಿನ ಕೋರ್ಟಿನಲ್ಲಿ ಬಾಯಿ ಬಿಡದವರಿಗೆ ಇದು ನೇರವಾಗಿ ಏಟು ಕೊಡುತ್ತದೆ.

ಹಾಗಾದರೆ ಮಾಡೋದೇನು? ಪಿಪಿ (ಸರ್ಕಾರಿ ವಕೀಲರು) ದಾಖಲೆ ಕೈಗೆತ್ತಿಕೊಂಡಾಗಲೇ ಎದ್ದು, ಯಾಕೆ ತಕರಾರು ಅಂತ ಒಂದೇ ವಾಕ್ಯದಲ್ಲಿ ಹೇಳಿ. ಬರೀ "ಅಬ್ಜೆಕ್ಷನ್" ಅಂದರೆ ಏನೂ ಉಳಿಯುವುದಿಲ್ಲ, "65ಬಿ ಸರ್ಟಿಫಿಕೇಟ್ ಇಲ್ಲದ್ದರಿಂದ" ಅನ್ನೋದು ಹೇಳಿಕೆಯಲ್ಲಿ ಬರಬೇಕು. ಹೊಸ ಸಾಕ್ಷ್ಯ ಕಾಯ್ದೆಯಲ್ಲಿ ಅದು ಕಲಂ 63. ಪ್ರಶ್ನೆಗೆ ತಕರಾರು ಬಂದರೆ ಆಗಲೇ, ಇಲ್ಲವಾದರೆ ಆ ಸಾಕ್ಷಿಯ ಹೇಳಿಕೆ ಮುಗಿಯುವಾಗಲಾದರೂ ತೀರ್ಮಾನ ಮಾಡಿ ಅಂತ ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿದೆ, ಅದನ್ನು ವಿನಯವಾಗಿ ನೆನಪಿಸಿ. ಆದರೂ ಬರೆಸಿಕೊಳ್ಳದಿದ್ದರೆ ಜಗಳಕ್ಕೆ ಇಳಿಯಬೇಡಿ. ಅವತ್ತೇ ಕೋರ್ಟಿಗೆ ಒಂದು ಮೆಮೊ (ತಕರಾರನ್ನು ಬರೆದ ಚಿಕ್ಕ ಟಿಪ್ಪಣಿ) ಹಾಕಿ, ಕೈಬರಹದಲ್ಲಿದ್ದರೂ ಪರವಾಗಿಲ್ಲ, ಕಡತದೊಳಗೆ ಸೇರಿದರೆ ಸಾಕು.

ತೀರ್ಪಿನಲ್ಲಿ ನೀವು ಒಪ್ಪಿಕೊಂಡಿರಿ ಅಂತ ತಪ್ಪಾಗಿ ಬರೆದಿದ್ದರೆ ಅದೇ ನ್ಯಾಯಾಧೀಶರ ಮುಂದೆ, ಅವರಿಗೆ ನೆನಪು ಹಸಿಯಾಗಿರುವಾಗಲೇ ಹೋಗಬೇಕು. ರಾಮದಾಸ್ ನಾಯಕ್ ಕೇಸಿನಲ್ಲಿ ಸುಪ್ರೀಂ ಕೋರ್ಟಿನ 1982ರ ತೀರ್ಪು ಇದನ್ನೇ ಹೇಳುತ್ತದೆ. ಮೇಲಿನ ಕೋರ್ಟಿನಲ್ಲಿ ಅಫಿಡವಿಟ್ ಹಾಕಿ "ನಾನು ಹಾಗೆ ಹೇಳಿರಲಿಲ್ಲ" ಅಂದರೆ ನಡೆಯುವುದಿಲ್ಲ.

ನನ್ನ ಜೂನಿಯರ್‌ಗಳಿಗೆ ಪಾಟಿ ಸವಾಲು ಕಲಿಸುವ ಮೊದಲು ಸ್ಟೆನೋ ಟೈಪ್ ಮಾಡುವಾಗ ಸ್ಕ್ರೀನ್ ಕಡೆ ಕಣ್ಣಿಡೋದನ್ನು ಕಲಿಸುತ್ತೇನೆ. ತಕರಾರು ಅಲ್ಲಿ ಮೂಡದಿದ್ದರೆ ಸಾಕ್ಷಿ ಕಟಕಟೆಯಿಂದ ಇಳಿಯುವ ಮುಂಚೆ ಏಳಬೇಕು.