ಮೂರು ದಿನದಲ್ಲಿ ಪಾಸಾದ ಮಸೂದೆಗೆ 27 ವರ್ಷ ಯಾಕೆ ಬೇಕಾಯಿತು?

ಪ್ರಶ್ನೆ: ಲೋಕಸಭೆ, ವಿಧಾನಸಭೆಗಳಲ್ಲಿ ಮೂರನೇ ಒಂದು ಭಾಗ ಸ್ಥಾನ ಹೆಣ್ಣುಮಕ್ಕಳಿಗೆ ಮೀಸಲಿಡುವ ಮಹಿಳಾ ಮೀಸಲಾತಿ ಮಸೂದೆ 1996ರಲ್ಲೇ ಸಂಸತ್ತಿಗೆ ಬಂದಿತ್ತು ಅಂತಾರೆ. 2023ರಲ್ಲಿ ನೋಡಿದರೆ ಮೂರೇ ದಿನದಲ್ಲಿ ಪಾಸಾಯಿತು. ಹಾಗಾದರೆ ನಡುವಿನ 27 ವರ್ಷ ಅದು ಎಲ್ಲಿತ್ತು? ಪಾಸಾದ ಮೇಲೂ 2024ರ ಲೋಕಸಭಾ ಚುನಾವಣೆಯಲ್ಲಿ ಮೀಸಲಾತಿ ಯಾಕೆ ಇರಲಿಲ್ಲ?

ಉತ್ತರ: ಈ ಪ್ರಶ್ನೆಯನ್ನು ತುಂಬಾ ಜನ ಕೇಳುತ್ತಾರೆ. ಕೇಳಲೇಬೇಕಾದ ಪ್ರಶ್ನೆಯೂ ಹೌದು. ಮಸೂದೆ ಕಾನೂನಾಗುವ ದಾರಿಯನ್ನು ಪಠ್ಯಪುಸ್ತಕದಲ್ಲಿ ಓದಿದರೆ ಬಾಣದ ಗುರುತು ಹಾಕಿದ ಚಿತ್ರವೊಂದು ನೆನಪಿನಲ್ಲಿ ಉಳಿಯುತ್ತದೆ. ಈ ಒಂದು ಮಸೂದೆಯ ಬೆನ್ನು ಹಿಡಿದು ಹೋದರೆ ಆ ಬಾಣಗಳು ಎಲ್ಲೆಲ್ಲಿ ನಿಂತುಹೋಗುತ್ತವೆ ಅನ್ನುವುದೂ ಕಾಣುತ್ತದೆ.

ಮೊದಲು ಒಂದು ವಿಷಯ. 27 ವರ್ಷ ಬದುಕಿದ್ದು ಒಂದೇ ಮಸೂದೆಯಲ್ಲ. ಬಂದದ್ದು ಐದು ಮಸೂದೆಗಳು. 1996, 1998, 1999, 2008, ಕೊನೆಗೆ 2023. ಮೊದಲ ನಾಲ್ಕೂ ಬಿದ್ದುಹೋದವು. ಒಂದನ್ನೂ ಯಾರೂ ಮತ ಹಾಕಿ ಸೋಲಿಸಲಿಲ್ಲ. ಅವು ಬಿದ್ದದ್ದು ಸುಮ್ನೆ ಕಾದು ಕಾದು.

ಸರ್ಕಾರದ ಮಸೂದೆ ಬರೆಯಲ್ಪಡುವುದು ಸಂಸತ್ತಿನ ಹೊರಗೆ. ಸಂಬಂಧಪಟ್ಟ ಸಚಿವಾಲಯ ಕರಡು ಮಾಡುತ್ತದೆ, ಕಾನೂನು ಸಚಿವಾಲಯ ಅದರ ಭಾಷೆ ತಿದ್ದುತ್ತದೆ, ಸಚಿವ ಸಂಪುಟ ಒಪ್ಪುತ್ತದೆ. ಆಮೇಲೆ ಸಚಿವರು ಸದನದಲ್ಲಿ ಎದ್ದು ನಿಂತು ಮಂಡಿಸಲು ಅನುಮತಿ ಕೇಳುತ್ತಾರೆ. ಸಚಿವರಲ್ಲದ ಸಂಸದರೂ ಮಸೂದೆ ತರಬಹುದು, ಆದರೆ 1970ರ ನಂತರ ಅಂಥ ಖಾಸಗಿ ಮಸೂದೆ ಒಂದೂ ಕಾನೂನಾಗಿಲ್ಲ. ಹಾಗಾಗಿ ನಾವು ಸುದ್ದಿಯಲ್ಲಿ ಕೇಳುವುದೆಲ್ಲ ಹೆಚ್ಚುಕಮ್ಮಿ ಸರ್ಕಾರದ ಮಸೂದೆಗಳೇ.

1996ರ ಸೆಪ್ಟೆಂಬರ್ 12ರಂದು ಮೊದಲ ಮಹಿಳಾ ಮೀಸಲಾತಿ ಮಸೂದೆಯನ್ನು ಲೋಕಸಭೆಯಲ್ಲಿ ಮಂಡಿಸಿದ್ದು ಎಚ್.ಡಿ. ದೇವೇಗೌಡರ ಸರ್ಕಾರ. ಹಾಸನದ ಹಳ್ಳಿಯಿಂದ ಹೋಗಿ ಪ್ರಧಾನಿಯಾಗಿ ಆಗಿನ್ನೂ ಮೂರು ತಿಂಗಳಷ್ಟೇ ಆಗಿತ್ತು. ನಮಗೆ ಆ ಹೊತ್ತಿಗೆ ಮಹಿಳಾ ಮೀಸಲಾತಿ ಹೊಸದೂ ಆಗಿರಲಿಲ್ಲ. ಕರ್ನಾಟಕದಲ್ಲಿ 1987ರ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿ ಚುನಾವಣೆಯಲ್ಲೇ ಹೆಣ್ಣುಮಕ್ಕಳಿಗೆ ನೂರಕ್ಕೆ 25ರಷ್ಟು ಸ್ಥಾನ ಇತ್ತು. 1993ರಲ್ಲಿ ಸಂವಿಧಾನದ 73ನೇ ತಿದ್ದುಪಡಿ ದೇಶದ ಪಂಚಾಯಿತಿಗಳಿಗೆ ಮೂರನೇ ಒಂದು ಭಾಗ ತಂದಿತು. ಪಂಚಾಯಿತಿಯಲ್ಲಿ ಆದದ್ದು ಪಾರ್ಲಿಮೆಂಟಿನಲ್ಲಿ ಯಾಕೆ ಆಗಬಾರದು ಅನ್ನುವುದೇ ಆಗಿನ ಪ್ರಶ್ನೆ.

ಮಂಡನೆಯಾದ ಮಸೂದೆಯನ್ನು ಜಂಟಿ ಸಮಿತಿಗೆ ಕಳಿಸಿದರು. ಎರಡೂ ಸದನಗಳ 31 ಸದಸ್ಯರು, ಅಧ್ಯಕ್ಷರಾಗಿ ಪಶ್ಚಿಮ ಬಂಗಾಳದ ಸಿಪಿಐ ಸಂಸದೆ ಗೀತಾ ಮುಖರ್ಜಿ. ಇಲ್ಲಿ ಸ್ವಲ್ಪ ನಿಲ್ಲೋಣ. ಟಿವಿಯಲ್ಲಿ ನಮಗೆ ಕಾಣುವುದು ಸದನದ ಗಲಾಟೆ. ಮಸೂದೆಯ ಪದ ಪದ ಬಿಡಿಸಿ ನೋಡುವುದು ಸಮಿತಿಯ ಕೋಣೆಯಲ್ಲಿ. ಅಲ್ಲಿ ಕ್ಯಾಮೆರಾ ಇರುವುದಿಲ್ಲ. ಅಧಿಕಾರಿಗಳನ್ನು, ತಿಳಿದವರನ್ನು, ಸಂಘಟನೆಗಳನ್ನು ಕರೆಸಿ ಕೇಳುತ್ತಾರೆ. ಸಾರ್ವಜನಿಕರಿಂದಲೂ ಅಭಿಪ್ರಾಯ ಕರೆಯುವುದುಂಟು. ನಾನು, ನೀವು ಬರೆದು ಕಳಿಸಬಹುದು.

ಮುಖರ್ಜಿ ಸಮಿತಿ ಮೂರು ತಿಂಗಳೊಳಗೆ, ಡಿಸೆಂಬರ್ 9ಕ್ಕೆ ವರದಿ ಕೊಟ್ಟಿತು. ಅದರ ಒಂದು ಸಲಹೆ ಮೇಲ್ನೋಟಕ್ಕೆ ತೀರಾ ಸಣ್ಣದು. ಮೂಲ ಮಸೂದೆಯಲ್ಲಿ 'ಮೂರನೇ ಒಂದಕ್ಕೆ ಕಡಿಮೆಯಿಲ್ಲದಷ್ಟು' ಸ್ಥಾನ ಅಂತ ಇತ್ತು. ಈ ಮಾತು ಸ್ಪಷ್ಟವಾಗಿಲ್ಲ, 'ಸಾಧ್ಯವಾದಷ್ಟೂ ಮೂರನೇ ಒಂದಕ್ಕೆ ಹತ್ತಿರ' ಅಂತ ಬರೆಯಿರಿ ಎಂದಿತು ಸಮಿತಿ. ನಮ್ಮ ರಾಜ್ಯಕ್ಕೇ ಹಾಕಿ ನೋಡಿ. ಕರ್ನಾಟಕಕ್ಕೆ ಲೋಕಸಭೆಯಲ್ಲಿ 28 ಸ್ಥಾನ. ಮೂರರಿಂದ ಭಾಗಿಸಿದರೆ 9.33. 'ಕಡಿಮೆಯಿಲ್ಲದಷ್ಟು' ಅಂದರೆ 10 ಕೊಡಬೇಕು. 'ಹತ್ತಿರ' ಅಂದರೆ 9 ಸಾಕು. ಒಂದು ಪದದಿಂದ ಒಂದು ಕ್ಷೇತ್ರವೇ ಆಚೀಚೆ ಆಗುತ್ತದೆ, ಅಲ್ವಾ? ಕಾನೂನು ಮಾಡುವುದು ಅಂದರೆ ಬಹುಪಾಲು ಇಂಥ ಕೆಲಸವೇ. ಮೀಸಲಾತಿ 15 ವರ್ಷ ಇರಲಿ ಅನ್ನುವ ಸಲಹೆಯೂ ಇದೇ ಸಮಿತಿಯದು.

ವರದಿ ಬಂತು, ಸರ್ಕಾರ ಬಿತ್ತು. 1997ರ ಡಿಸೆಂಬರಿನಲ್ಲಿ ಲೋಕಸಭೆಯೇ ವಿಸರ್ಜನೆಯಾಯಿತು. ನಿಯಮ ಹೀಗಿದೆ: ಲೋಕಸಭೆ ವಿಸರ್ಜನೆಯಾದರೆ ಅದರ ಮುಂದೆ ಬಾಕಿ ಇರುವ ಮಸೂದೆಗಳೂ ಅದರ ಜೊತೆಗೇ ಹೋಗುತ್ತವೆ. ಹೊಸ ಸದನ ಮತ್ತೆ ಮೊದಲಿನಿಂದ ಶುರು ಮಾಡಬೇಕು. 1998ರಲ್ಲಿ ವಾಜಪೇಯಿ ಸರ್ಕಾರ ಮತ್ತೆ ಮಂಡಿಸಲು ಹೊರಟಾಗ ಸಂಸದರೊಬ್ಬರು ಸ್ಪೀಕರ್ ಬಳಿಯಿಂದ ಪ್ರತಿ ಕಿತ್ತುಕೊಂಡು ಹರಿದು ಹಾಕಿದರು. ಆ ಮಸೂದೆಯೂ, 1999ರದ್ದೂ ಹೀಗೇ ಲೋಕಸಭೆಯ ಜೊತೆ ಮುಗಿದವು. ಹಿಂದುಳಿದ ವರ್ಗದ ಮಹಿಳೆಯರಿಗೆ ಒಳಮೀಸಲಾತಿ ಬೇಕು ಅನ್ನುವುದು ವಿರೋಧಿಸಿದವರ ಮುಖ್ಯ ವಾದ. ಅದು ತಳ್ಳಿಹಾಕುವಂಥ ವಾದವಲ್ಲ. ಆದರೆ ಅದನ್ನು ಚರ್ಚಿಸಿ, ತಿದ್ದುಪಡಿ ತಂದು, ಮತಕ್ಕೆ ಹಾಕಬಹುದಿತ್ತು. ಚರ್ಚೆಗೇ ಬಿಡದೆ ಇದ್ದದ್ದು ನನಗೆ ಈಗಲೂ ನೋವಿನ ವಿಷಯ.

2008ರಲ್ಲಿ ಸರ್ಕಾರ ದಾರಿ ಬದಲಿಸಿತು. ಮಸೂದೆಯನ್ನು ಲೋಕಸಭೆಯ ಬದಲು ರಾಜ್ಯಸಭೆಯಲ್ಲಿ ಮಂಡಿಸಿತು. ರಾಜ್ಯಸಭೆಗೆ ವಿಸರ್ಜನೆ ಇಲ್ಲ. ಅಲ್ಲೇ ಹುಟ್ಟಿ ಅಲ್ಲೇ ಬಾಕಿ ಇರುವ ಮಸೂದೆ ಎಷ್ಟು ಚುನಾವಣೆ ಬಂದರೂ ಸಾಯುವುದಿಲ್ಲ. 2009ರ ಚುನಾವಣೆ ಮುಗಿದ ಮೇಲೂ ಇದು ಬದುಕಿತ್ತು. 2010ರ ಮಾರ್ಚ್ 8ಕ್ಕೆ, ಮಹಿಳಾ ದಿನದಂದೇ, ಆಗ ಕಾನೂನು ಸಚಿವರಾಗಿದ್ದ ನಮ್ಮ ವೀರಪ್ಪ ಮೊಯ್ಲಿಯವರು ಅದನ್ನು ಚರ್ಚೆಗೆ ತಂದರು. ವಿರೋಧಿಸಿದವರು ಮಸೂದೆಯ ಪ್ರತಿ ಹರಿದು ಎಸೆದರು. ಮರುದಿನ ಏಳು ಸದಸ್ಯರನ್ನು ಅಮಾನತು ಮಾಡಿ, ಮಾರ್ಷಲ್‌ಗಳನ್ನು ಕರೆಸಿ, ಮತಕ್ಕೆ ಹಾಕಿದರು. ಪರವಾಗಿ 186, ವಿರುದ್ಧ 1.

ದೇಶವೆಲ್ಲ 'ಪಾಸಾಯ್ತು' ಅಂತ ಸಂಭ್ರಮಿಸಿತು. ಇಲ್ಲೇ ಎಲ್ಲರೂ ಎಡವುವುದು. ರಾಜ್ಯಸಭೆಯಲ್ಲಿ ಪಾಸಾದ ಮಸೂದೆ ಲೋಕಸಭೆಯ ಮುಂದೆ ಹೋಗಿ ಕೂರುತ್ತದೆ. ಅಲ್ಲಿಂದ ಅದಕ್ಕೆ ಲೋಕಸಭೆಯ ಆಯುಸ್ಸೇ ಆಯುಸ್ಸು. ಇಷ್ಟು ದಿನದೊಳಗೆ ಕೈಗೆತ್ತಿಕೊಳ್ಳಲೇಬೇಕು ಅನ್ನುವ ಗಡುವು ಎಲ್ಲೂ ಇಲ್ಲ. ಸರ್ಕಾರದ ಮಸೂದೆ ಯಾವ ದಿನ ಚರ್ಚೆಗೆ ಬರಬೇಕು ಅನ್ನುವುದು ಹೆಚ್ಚಾಗಿ ಸರ್ಕಾರದ ಮನಸ್ಸು. ನಾಲ್ಕು ವರ್ಷ ಅದು ಬರಲೇ ಇಲ್ಲ. 2014ರಲ್ಲಿ 15ನೇ ಲೋಕಸಭೆ ಮುಗಿಯಿತು, ಮಸೂದೆಯೂ ಮುಗಿಯಿತು. ರಾಜ್ಯಸಭೆಯಲ್ಲೇ ಬಾಕಿ ಉಳಿದಿದ್ದರೆ ಬದುಕಿರುತ್ತಿತ್ತು. ಗೆದ್ದು ಮುಂದೆ ಹೋದದ್ದರಿಂದಲೇ ಸತ್ತಿತು.

ಎರಡು ಸದನಗಳ ನಡುವೆ ಹೀಗೆ ಸಿಕ್ಕಿಕೊಂಡರೆ ಬೇರೆ ಉಪಾಯ ಇಲ್ಲವೇ ಅಂತ ನೀವು ಕೇಳಬಹುದು. ಸಾಮಾನ್ಯ ಮಸೂದೆಗೆ ಇದೆ: ಎರಡೂ ಸದನ ಒಟ್ಟಿಗೆ ಕೂತು ಮತ ಹಾಕುವ ಜಂಟಿ ಅಧಿವೇಶನ. ಇದು ನಡೆದದ್ದು ಮೂರೇ ಸಲ. 1961ರಲ್ಲಿ ವರದಕ್ಷಿಣೆ ನಿಷೇಧ, 1978ರಲ್ಲಿ ಬ್ಯಾಂಕಿಂಗ್ ಸೇವಾ ಆಯೋಗದ ರದ್ದತಿ, 2002ರಲ್ಲಿ ಭಯೋತ್ಪಾದನೆ ತಡೆಯುವ ಪೋಟಾ. ಹಣ ಮಸೂದೆಯಾದರೆ (ತೆರಿಗೆ, ಸರ್ಕಾರದ ಖರ್ಚಿನಂಥ ವಿಷಯಕ್ಕೆ ಮಾತ್ರ ಸೇರಿದ್ದು, ಮನಿ ಬಿಲ್) ರಾಜ್ಯಸಭೆ 14 ದಿನದೊಳಗೆ ವಾಪಸ್ ಕಳಿಸಬೇಕು, ಅದರ ಸಲಹೆ ಒಪ್ಪುವುದು ಬಿಡುವುದು ಲೋಕಸಭೆಗೆ ಸೇರಿದ್ದು. ಮಹಿಳಾ ಮೀಸಲಾತಿಯಂಥ ಸಂವಿಧಾನ ತಿದ್ದುಪಡಿಗೆ ಈ ಎರಡು ದಾರಿಯೂ ಮುಚ್ಚಿವೆ. ಎರಡೂ ಸದನಗಳು ಬೇರೆ ಬೇರೆಯಾಗಿಯೇ ಪಾಸು ಮಾಡಬೇಕು. ಅದೂ ಧ್ವನಿಮತದಲ್ಲಿ 'ಹೌದು, ಹೌದು' ಅಂದರೆ ಆಗಲ್ಲ. ಹಾಜರಿದ್ದು ಮತ ಹಾಕಿದವರಲ್ಲಿ ಮೂರನೇ ಎರಡು ಭಾಗ ಒಪ್ಪಬೇಕು, ಆ ಸಂಖ್ಯೆ ಸದನದ ಒಟ್ಟು ಬಲದ ಅರ್ಧಕ್ಕಿಂತ ಜಾಸ್ತಿಯೂ ಇರಬೇಕು. 1989ರಲ್ಲಿ ಪಂಚಾಯಿತಿಗಳ ಕುರಿತ 64ನೇ ತಿದ್ದುಪಡಿ ಮಸೂದೆ ಲೋಕಸಭೆಯಲ್ಲಿ ಗೆದ್ದು ರಾಜ್ಯಸಭೆಯಲ್ಲಿ ಈ ಸಂಖ್ಯೆ ಮುಟ್ಟದೆ ಬಿತ್ತು. ಮೇಲೆ ಹೇಳಿದ 73ನೇ ತಿದ್ದುಪಡಿ ಬಂದದ್ದು ಅದಾದ ಮೇಲೆ.

ಈಗ 2023. ಸೆಪ್ಟೆಂಬರ್ 19ರಂದು ಹೊಸ ಸಂಸತ್ ಭವನದ ಮೊದಲ ದಿನವೇ ಮಂಡನೆ. 20ಕ್ಕೆ ಲೋಕಸಭೆಯಲ್ಲಿ 454ಕ್ಕೆ 2 ಮತ. 21ಕ್ಕೆ ರಾಜ್ಯಸಭೆಯಲ್ಲಿ 214ಕ್ಕೆ ಸೊನ್ನೆ. ಸರ್ಕಾರಕ್ಕೆ ಮನಸ್ಸಿತ್ತು, ದೊಡ್ಡ ಪಕ್ಷಗಳೆಲ್ಲ ಒಪ್ಪಿದ್ದವು. ಹಾಗಾದಾಗ ಮೂರು ದಿನ ಸಾಕು. ನಿಯಮಗಳು 1996ರಲ್ಲಿ ಇದ್ದವೇ. ಮೊದಲ ಮಸೂದೆ ತಂದ ದೇವೇಗೌಡರು ಆಗ 90 ವರ್ಷದ ರಾಜ್ಯಸಭಾ ಸದಸ್ಯರು. ಗೀತಾ ಮುಖರ್ಜಿ 2000ದಲ್ಲೇ ತೀರಿಕೊಂಡಿದ್ದರು. ಆದರೆ ಕಾಯ್ದೆಯ ಪ್ರತಿ ತೆಗೆದು ನೋಡಿ. 'ಸಾಧ್ಯವಾದಷ್ಟೂ ಮೂರನೇ ಒಂದಕ್ಕೆ ಹತ್ತಿರ' ಅನ್ನುವ ಅರ್ಥದ ಮಾತು ಅದರಲ್ಲಿದೆ. 15 ವರ್ಷ ಅನ್ನುವುದೂ ಇದೆ. ಮಸೂದೆಗಳು ಸತ್ತರೂ ಸಮಿತಿ ಮಾಡಿದ ಕೆಲಸ ಸಾಯಲಿಲ್ಲ.

2023ರ ಮಸೂದೆ ಯಾವ ಸಮಿತಿಗೂ ಹೋಗಲಿಲ್ಲ. ಇದೊಂದೇ ಅಲ್ಲ. 15ನೇ ಲೋಕಸಭೆಯ ಕಾಲದಲ್ಲಿ ನೂರಕ್ಕೆ ಸುಮಾರು 70 ಮಸೂದೆಗಳು ಸಮಿತಿಗೆ ಹೋಗುತ್ತಿದ್ದವು. 17ನೆಯದರಲ್ಲಿ ಅದು ಸುಮಾರು 16ಕ್ಕೆ ಇಳಿಯಿತು. ಬೇಗ ಪಾಸಾಗುವುದು ಒಳ್ಳೆಯದು ಅಂತ ನಮಗೆ ಅನ್ನಿಸಬಹುದು. ನನ್ನ ಅಭಿಪ್ರಾಯ ಬೇರೆ. ಒಂಬತ್ತೋ ಹತ್ತೋ ಅನ್ನುವ ಪ್ರಶ್ನೆಯನ್ನು ಯಾರಾದರೂ ಕೂತು ಕೇಳಲೇಬೇಕು, ಅದಕ್ಕೆ ಸಮಯ ಬೇಕು.

ಸದನಗಳು ಮುಗಿದ ಮೇಲೆ ರಾಷ್ಟ್ರಪತಿಗಳ ಅಂಕಿತ. ಸಾಮಾನ್ಯ ಮಸೂದೆಯನ್ನು ಅವರು ಒಮ್ಮೆ ಮರುಪರಿಶೀಲನೆಗೆ ವಾಪಸ್ ಕಳಿಸಬಹುದು. 2006ರಲ್ಲಿ ಅಬ್ದುಲ್ ಕಲಾಂ ಅವರು ಲಾಭದಾಯಕ ಹುದ್ದೆ ಮಸೂದೆಯನ್ನು ಹಾಗೆ ಕಳಿಸಿದ್ದರು. ಸಂಸತ್ತು ಮತ್ತೆ ಪಾಸು ಮಾಡಿದಾಗ ಸಹಿ ಹಾಕಿದರು. ಸಂವಿಧಾನ ತಿದ್ದುಪಡಿಯನ್ನು ವಾಪಸ್ ಕಳಿಸುವಂತಿಲ್ಲ, 1971ರ 24ನೇ ತಿದ್ದುಪಡಿಯಿಂದ ಸಹಿ ಕಡ್ಡಾಯ. ಮಹಿಳಾ ಮೀಸಲಾತಿಗೆ 2023ರ ಸೆಪ್ಟೆಂಬರ್ 28ಕ್ಕೆ ಅಂಕಿತ ಬಿತ್ತು. 128ನೇ ತಿದ್ದುಪಡಿ ಮಸೂದೆ 106ನೇ ತಿದ್ದುಪಡಿ ಕಾಯ್ದೆಯಾಯಿತು. ಈ ಎರಡು ಸಂಖ್ಯೆಗಳ ನಡುವಿನ ಅಂತರ ಹೆಚ್ಚುಕಮ್ಮಿ ದಾರಿಯಲ್ಲಿ ಬಿದ್ದುಹೋದ ಅಥವಾ ನಿಂತುಹೋದ ತಿದ್ದುಪಡಿ ಮಸೂದೆಗಳ ಲೆಕ್ಕ.

ಇನ್ನು ನಿಮ್ಮ ಕೊನೆಯ ಪ್ರಶ್ನೆ. ಸಹಿ ಬಿದ್ದರೆ ಕಾಯ್ದೆ ಆಯಿತು, ಆದರೆ ಜಾರಿ ಆಯಿತು ಅಂತಲ್ಲ. ತುಂಬಾ ಕಾಯ್ದೆಗಳ ಮೊದಲ ಕಲಂನಲ್ಲೇ 'ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿದ ದಿನದಿಂದ ಜಾರಿ' ಅಂತ ಬರೆದಿರುತ್ತದೆ. ಆಮೇಲೆ ನಿಯಮಗಳು ಬರಬೇಕು. ನಮ್ಮ ಫೋನು, ಆ್ಯಪ್‌ಗಳ ಮಾಹಿತಿ ಕಾಪಾಡುವ ಡಿಜಿಟಲ್ ದತ್ತಾಂಶ ಕಾಯ್ದೆಗೆ 2023ರ ಆಗಸ್ಟ್‌ನಲ್ಲಿ ಸಹಿ ಬಿತ್ತು, ನಿಯಮ ಬಂದದ್ದು 2025ರ ನವೆಂಬರ್‌ನಲ್ಲಿ.

ಮಹಿಳಾ ಮೀಸಲಾತಿಯ ಕಾಯ್ದೆ ಇನ್ನೂ ಒಂದು ಷರತ್ತು ಇಟ್ಟಿತು. ಕಾಯ್ದೆ ಜಾರಿಯಾದ ಮೇಲಿನ ಮೊದಲ ಜನಗಣತಿಯ ಅಂಕಿಅಂಶ ಪ್ರಕಟವಾಗಬೇಕು. ಅದರ ಆಧಾರದಲ್ಲಿ ಕ್ಷೇತ್ರ ಪುನರ್ವಿಂಗಡಣೆ, ಅಂದರೆ ಕ್ಷೇತ್ರಗಳ ಗಡಿ ಹೊಸದಾಗಿ ಗುರುತಿಸುವ ಕೆಲಸ, ಆಗಬೇಕು. ಆಮೇಲಷ್ಟೇ ಮೀಸಲಾತಿ. 2021ರ ಜನಗಣತಿ ಕೋವಿಡ್‌ನಿಂದ ಮುಂದೆ ಹೋಗಿತ್ತು. ಹಾಗಾಗಿ 2024ರ ಚುನಾವಣೆಗೆ ಇದು ಬರುವ ಸಾಧ್ಯತೆಯೇ ಇರಲಿಲ್ಲ, ಮತ ಹಾಕಿದ ಆ 454 ಸಂಸದರಿಗೂ ಅದು ಗೊತ್ತಿತ್ತು. 2025ರ ಜೂನ್‌ನಲ್ಲಿ ಹೊರಡಿಸಿದ ಅಧಿಸೂಚನೆ ಪ್ರಕಾರ ಹೊಸ ಜನಗಣತಿಗೆ 2027ರ ಮಾರ್ಚ್ 1 ಲೆಕ್ಕದ ದಿನ. ಪುನರ್ವಿಂಗಡಣೆಗೆ ಆಯೋಗ ಬೇಕು. ಆಯೋಗಕ್ಕೆ ಸಂಸತ್ತಿನ ಕಾನೂನು ಬೇಕು. ಆ ಕಾನೂನು ಕೂಡ ಮಸೂದೆಯಾಗಿಯೇ ಬರಬೇಕು: ಮಂಡನೆ, ಚರ್ಚೆ, ಎರಡು ಸದನ, ಒಂದು ಸಹಿ. ಅದು ಬಂದ ದಿನ ಮೊದಲು ನೋಡಬೇಕಾದದ್ದು ಅದನ್ನು ಸಮಿತಿಗೆ ಕಳಿಸುತ್ತಾರಾ ಇಲ್ಲವಾ ಅನ್ನುವುದನ್ನು. ಕಳಿಸಿ ಅಭಿಪ್ರಾಯ ಕರೆದರೆ, ದಯವಿಟ್ಟು ಬರೆದು ಕಳಿಸಿ.