ಕತ್ತಿಗೆ ಹತ್ತಿದ ಕೆಂಪು

ಶಿರಸಿ ಕಡೆಯ ಅಡಿಕೆ ತೋಟದವರಿಗೆ ಒಂದು ಹಳೇ ಪರೀಕ್ಷೆ ಗೊತ್ತು. ಅಡಿಕೆಯ ಕೊಳೆರೋಗಕ್ಕೆ ಮದ್ದು ಹೊಡೆಯುವ ಮುಂಚೆ, ಮೈಲುತುತ್ತ (ತಾಮ್ರದ ಸಲ್ಫೇಟ್) ಮತ್ತು ಸುಣ್ಣ ಸೇರಿಸಿ ಕಲಸಿದ ಬೋರ್ಡೋ ದ್ರಾವಣದಲ್ಲಿ ಉಜ್ಜಿದ ಕಬ್ಬಿಣದ ಕತ್ತಿಯನ್ನು ಸ್ವಲ್ಪ ಹೊತ್ತು ಅದ್ದುತ್ತಾರೆ. ಅಂಚಿಗೆ ಕೆಂಪು ಹತ್ತಿದರೆ ಸುಣ್ಣ ಸಾಲದು ಅಂತ ಲೆಕ್ಕ. ಆ ಕೆಂಪು ತಾಮ್ರ. ನೀರಲ್ಲಿ ಬಿಡಿಯಾಗಿದ್ದ ತಾಮ್ರದ ಅಯಾನು, ಅಂದರೆ ವಿದ್ಯುದಂಶ ಹೊತ್ತ ತಾಮ್ರದ ಕಣ, ಕಬ್ಬಿಣದಿಂದ ಎಲೆಕ್ಟ್ರಾನ್ ಪಡೆದು ಅಲ್ಲೇ ಲೋಹವಾಗಿ ಕೂರುತ್ತದೆ.

ನೀರಿನಲ್ಲಿರುವ ಲೋಹ ಅಳೆಯಲು ನಾನು ಬಳಸುವ ಸೆನ್ಸರಿಗೂ ಇದೇ ಮೂಲ. ಆ ನೀರಲ್ಲಿಟ್ಟ ಇಂಗಾಲದ ಸಣ್ಣ ಪಟ್ಟಿಗೆ ಮೊದಲು ಋಣ ವೋಲ್ಟೇಜ್ ಕೊಡುತ್ತೇವೆ. ತಾಮ್ರ ಬಂದು ಅಂಟುತ್ತದೆ. ಆಮೇಲೆ ವೋಲ್ಟೇಜ್ ಏರಿಸುತ್ತಾ ಹೋದರೆ ಅಂಟಿದ್ದು ಕರಗಿ, ಕರೆಂಟು ಒಮ್ಮೆ ಜಿಗಿಯುತ್ತದೆ. ತಾಮ್ರ ಜಾಸ್ತಿ ಇದ್ದಷ್ಟೂ ಜಿಗಿತ ದೊಡ್ಡದು. ಕ್ಯಾಡ್ಮಿಯಂ, ಸೀಸ ಬೇರೆ ಬೇರೆ ವೋಲ್ಟೇಜಿನಲ್ಲಿ ಕರಗುವುದರಿಂದ ಯಾವ ಲೋಹ ಅಂತಲೂ ತಿಳಿಯುತ್ತದೆ.

ನಮ್ಮ ತೋಟಕ್ಕೆ ಇದು ಯಾಕೆ ಬೇಕು? ಶೇಕಡಾ 1ರ ಬೋರ್ಡೋಗೆ 100 ಲೀಟರ್ ನೀರು, 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ಆ ಒಂದು ಕಿಲೋದಲ್ಲಿ ಸುಮಾರು 250 ಗ್ರಾಂ ತಾಮ್ರ. ತಾಮ್ರ ಕೊಳೆತು ಇಲ್ಲವಾಗುವ ವಸ್ತುವಲ್ಲ. ಮಳೆಗೆ ಗೊನೆಯಿಂದ ತೊಳೆದು ಬುಡ ಸೇರುತ್ತದೆ, ವರ್ಷ ವರ್ಷ. ಬೆಟ್ಟದ ಸೊಪ್ಪು, ಗೊಬ್ಬರ ಅದನ್ನು ಬಹಳಷ್ಟು ಹಿಡಿದಿಡುತ್ತವೆ. ಮಣ್ಣು ಹುಳಿಯಾದರೆ ಹಿಡಿತ ಸಡಿಲ. ಮದ್ದು ಬಿಡಿ ಅಂತ ನಾನು ಖಂಡಿತ ಹೇಳುವುದಿಲ್ಲ. ಬಿಟ್ಟರೆ ಕೊಳೆ ಫಸಲನ್ನೇ ತಿಂದುಹಾಕುತ್ತದೆ.

ಒಬ್ಬ ಅಕ್ಕ ನನ್ನನ್ನು ತೋಟಕ್ಕೆ ಕರೆದರು. "ತಮ್ಮಾ, ಎಷ್ಟು ಗೊಬ್ಬರ ಹಾಕಿದರೂ ಈ ಮೆಣಸಿನ ಬಳ್ಳಿ ಏಳ್ತಾನೇ ಇಲ್ಲ." ಎಳೆ ಎಲೆ ಹಳದಿ, ನರ ಮಾತ್ರ ಹಸಿರು. ನೋಡಿದರೆ ಕಬ್ಬಿಣದ ಕೊರತೆ. ಬೇರು ಅಗೆದು ನೋಡಿದೆ: ಮೊಂಡು, ದಪ್ಪ, ಕವಲೇ ಇಲ್ಲ. ಅದು ವರ್ಷಾನುಗಟ್ಟಲೆ ಮದ್ದು ಕಲಸುವ ಬ್ಯಾರೆಲ್ ಇಟ್ಟಿದ್ದ ಜಾಗ. ತಾಮ್ರ ಜಾಸ್ತಿಯಾದರೆ ಬೇರು ಕಬ್ಬಿಣವನ್ನು ಸರಿಯಾಗಿ ಎತ್ತಿಕೊಳ್ಳುವುದಿಲ್ಲ. ಮಣ್ಣಿನ ನೀರಿಗೆ ಪಟ್ಟಿ ಇಟ್ಟಾಗ ತಾಮ್ರದ ಜಿಗಿತ ಚೆನ್ನಾಗಿಯೇ ಕಂಡಿತು.

ಎಲೆ ಹಳದಿಯಾಗುವ ಹೊತ್ತಿಗೆ ತಡವಾಗಿರುತ್ತದೆ ಅಲ್ವಾ? ಎಲೆ ಒಣಗಿಸಿ ಲ್ಯಾಬಿಗೆ ಕಳಿಸಿದರೆ ಎಷ್ಟು ಲೋಹ ಸೇರಿದೆ ಅಂತ ಗೊತ್ತಾಗುತ್ತದೆ, ಗಿಡ ಯಾವಾಗ ಒದ್ದಾಡಲು ಶುರು ಮಾಡಿತು ಅಂತಲ್ಲ. ಲೋಹದ ಕಾಟಕ್ಕೆ ಸಿಕ್ಕ ಗಿಡದಲ್ಲಿ ಹೈಡ್ರೋಜನ್ ಪೆರಾಕ್ಸೈಡ್ ಎಂಬ ರಾಸಾಯನಿಕ ಬೇಗ ಏರುತ್ತದೆ. ಬದುಕಿರುವ ಎಲೆಗೆ ಕೂದಲಿನಷ್ಟು ಸಣ್ಣ ಸೂಜಿ ಚುಚ್ಚಿ ಅದನ್ನು ಕರೆಂಟಾಗಿ ಅಳೆಯಬಹುದು. ಆದರೆ ಚುಚ್ಚಿದ ಗಾಯಕ್ಕೂ ಪೆರಾಕ್ಸೈಡ್ ಏರುತ್ತದೆ, ಅದು ಇಳಿಯುವವರೆಗೆ ಕಾಯಬೇಕು. ಬಿಸಿಲು, ರೋಗ, ನೀರಿನ ಕೊರತೆಗೂ ಏರುತ್ತದೆ. ಹಾಗಾಗಿ ಎಲೆಯ ಅಳತೆ ಒಂದನ್ನೇ ನೋಡಿ ತಾಮ್ರ ಅನ್ನುವುದು ತಪ್ಪು. ಬುಡದಲ್ಲಿ ಲೋಹ, ಎಲೆಯಲ್ಲಿ ಪೆರಾಕ್ಸೈಡ್, ಎರಡನ್ನೂ ಜೊತೆಗೆ ನೋಡಬೇಕು. ಈ ಸೂಜಿ ಇನ್ನೂ ತೋಟಕ್ಕೆ ಇಳಿಯುವಷ್ಟು ಗಟ್ಟಿಯಾಗಿಲ್ಲ, ನಮ್ಮ ಮಳೆಗಂತೂ ಇಲ್ಲ.

ಅಕ್ಕನಿಗೆ ಗೊಬ್ಬರ ಹೆಚ್ಚಿಸುತ್ತಾ ಹೋಗುವುದನ್ನು ನಿಲ್ಲಿಸಿ, ಮಣ್ಣಿನ ಹುಳಿ ಪರೀಕ್ಷೆ ಮಾಡಿಸಿ ಸುಣ್ಣ ಹಾಕಲು ಹೇಳಿದೆ. ಹೊಸ ಬಳ್ಳಿಯನ್ನು ನಾಲ್ಕು ಮರ ಆಚೆ ನೆಟ್ಟಿದ್ದಾರೆ. ಬ್ಯಾರೆಲ್ ಈಗ ತೋಟದ ಹೊರಗೆ, ಸಿಮೆಂಟು ಕಟ್ಟೆಯ ಮೇಲಿದೆ.