ಸಂಪಾತಿ ಕಂಡ ಆಕಾಶ

ಆನೆಗೊಂದಿಗೆ ಬಂದವರಿಗೆ ಕಿಷ್ಕಿಂಧೆ ಇದೇ ಅನ್ನಲು ಬೇರೆ ಸಾಕ್ಷಿ ಬೇಕಿಲ್ಲ. ಅಂಜನಾದ್ರಿಯ ಮೆಟ್ಟಿಲ ಮೇಲೆ ಬಾಳೆಹಣ್ಣು ಕಸಿದುಕೊಳ್ಳುವ ಮಂಗಗಳೇ ಸಾಕು, ಅಲ್ವಾ? ನನಗೆ ಮಾತ್ರ ವಾಲ್ಮೀಕಿಯ ಕಿಷ್ಕಿಂಧಾಕಾಂಡದಲ್ಲಿ ಜಾಸ್ತಿ ಇಷ್ಟ ಒಂದು ಮುದಿ ರಣಹದ್ದು. ಜಟಾಯುವಿನ ಅಣ್ಣ ಸಂಪಾತಿ.

ಸೀತೆಯನ್ನು ಹುಡುಕಿ ಸೋತು ಕೂತ ಕಪಿಗಳಿಗೆ, ಆಕೆ ಲಂಕೆಯಲ್ಲಿದ್ದಾಳೆ, ಇಲ್ಲಿಂದಲೇ ಕಾಣುತ್ತಾಳೆ ಎನ್ನುತ್ತಾನೆ ಸಂಪಾತಿ. ಸುಮ್ನೆ ಹೇಳಿ ಬಿಡುವುದಿಲ್ಲ, ಕಾರಣವನ್ನೂ ಕೊಡುತ್ತಾನೆ. ಆಕಾಶದಲ್ಲಿ ಒಂದರ ಮೇಲೊಂದು ದಾರಿಗಳಿವೆಯಂತೆ. ಎಲ್ಲಕ್ಕಿಂತ ಕೆಳಗೆ ಕಾಳು ಹೆಕ್ಕುವ ಗುಬ್ಬಿಯಂಥವು. ಎರಡನೆಯದರಲ್ಲಿ ಎಡೆ ತಿನ್ನುವ ಕಾಗೆ, ಹಣ್ಣು ತಿನ್ನುವ ಹಕ್ಕಿಗಳು. ಆಮೇಲೆ ಕ್ರೌಂಚ, ಗಿಡುಗ. ಐದನೆಯದು ರಣಹದ್ದಿನದು, ಆರನೆಯದು ಹಂಸದ್ದು. ಎಲ್ಲಕ್ಕೂ ಮೇಲೆ ಗರುಡ. ಕೋಳಿಗೆ ಆಹಾರ ಕಾಲಬುಡದಲ್ಲೇ ಇದೆ, ನಮಗೆ ದೂರದಲ್ಲಿದೆ, ಅದಕ್ಕೇ ನಮಗೆ ಈ ಕಣ್ಣು ಎನ್ನುತ್ತಾನೆ.

ಇವತ್ತಿನ ಜೀವಶಾಸ್ತ್ರ ಹೇಳುವುದೂ ಹೆಚ್ಚುಕಡಿಮೆ ಇದನ್ನೇ. ಸತ್ತ ದನ ಎಲ್ಲೋ ಒಂದು ಕಡೆ ಬಿದ್ದಿರುತ್ತದೆ. 5–6 ಕಿಲೋ ತೂಗುವ ಹಕ್ಕಿ ರೆಕ್ಕೆ ಬಡಿದುಕೊಂಡೇ ದಿನವಿಡೀ ಹುಡುಕಿದರೆ ತಿಂದದ್ದೆಲ್ಲ ಅದಕ್ಕೇ ಖರ್ಚು. ಹಾಗಾಗಿ ಬಿಸಿಗಾಳಿಗೆ ಕಾಯುತ್ತದೆ. ಗಂಗಾವತಿ ಕಡೆಯ ಕಲ್ಲುಗುಡ್ಡಗಳು ಬಿಸಿಲೇರುತ್ತಲೇ ಕಾದ ಹಂಚಾಗುತ್ತವೆ, ಮೇಲಿನ ಗಾಳಿ ಹಗುರಾಗಿ ಏಳುತ್ತದೆ. ನಮ್ಮ ಮಾಮೂಲಿ ಹದ್ದು ಅದರಲ್ಲಿ ಹೇಗೆ ಏರುತ್ತದೆಂದು ನೋಡಿ: ರೆಕ್ಕೆ ಅಲುಗುವುದಿಲ್ಲ, ಕವಲು ಬಾಲ ಮಾತ್ರ ಆಚೀಚೆ ಹೊರಳುತ್ತದೆ. ರಣಹದ್ದು ನೆಲವನ್ನಷ್ಟೇ ಅಲ್ಲ, ದೂರದ ಇನ್ನೊಂದು ರಣಹದ್ದನ್ನೂ ಗಮನಿಸುತ್ತಿರುತ್ತದೆ. ಒಂದು ಇಳಿದರೆ ಉಳಿದವೂ ಅತ್ತ ಹೊರಡುತ್ತವೆ.

ಜಟಾಯುವಿಗೆ ಕೈ ಮುಗಿಯುವ ನಾವು ದನಕ್ಕೆ ಕೊಟ್ಟ ನೋವಿನ ಔಷಧಿ ಡೈಕ್ಲೊಫೆನಾಕ್‌ನಿಂದ ಆ ದನಗಳ ಹೆಣ ತಿಂದ ಮೂರು ಜಾತಿಯ ರಣಹದ್ದುಗಳು ನೂರಕ್ಕೆ 95ಕ್ಕೂ ಹೆಚ್ಚು ಸತ್ತವು. ದನಗಳಿಗೆ ಅದನ್ನು ಕೊಡುವುದು 2006ರಲ್ಲಿ ನಿಷೇಧವಾಯಿತು.

ಕಥೆ ವಿಜ್ಞಾನಕ್ಕೆ ಹೊಂದದ ಜಾಗವೂ ಇದೆ. ಸೂರ್ಯನ ಹತ್ತಿರ ಹಾರಿ ಸಂಪಾತಿಯ ರೆಕ್ಕೆ ಸುಟ್ಟವಂತೆ. ನಿಜದಲ್ಲಿ ಒಂದೊಂದು ಕಿಲೋಮೀಟರ್ ಮೇಲೇರಿದಂತೆ ಸುಮಾರು 6.5 ಡಿಗ್ರಿ ತಂಪಾಗುತ್ತದೆ. ಸುಡುವ ಮೊದಲು ಹೆಪ್ಪುಗಟ್ಟಬೇಕಿತ್ತು!

ಹಂಸದ ಮಾತು ಮಾತ್ರ ಸೊಗಸು. ಹಂಸವೆಂದರೆ ಪಟ್ಟೆತಲೆ ಹೆಬ್ಬಾತು ಎನ್ನುವವರಿದ್ದಾರೆ. ಚಳಿಗಾಲದಲ್ಲಿ ತುಂಗಭದ್ರಾ ಹಿನ್ನೀರಿಗೂ ಬರುವ ಈ ಬಾತು ಹಿಮಾಲಯ ದಾಟುವಾಗ 7,000 ಮೀಟರ್ ಮೀರಿ ಹಾರಿದ್ದು ದಾಖಲಾಗಿದೆ. ತೆಳು ಗಾಳಿಯಲ್ಲೂ ಇದರ ರಕ್ತ ಆಮ್ಲಜನಕವನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಆದರೆ 1973ರಲ್ಲಿ ಪಶ್ಚಿಮ ಆಫ್ರಿಕಾದ ಮೇಲೆ 11,000 ಮೀಟರ್‌ಗೂ ಎತ್ತರದಲ್ಲಿ ವಿಮಾನಕ್ಕೆ ಬಡಿದದ್ದು ಒಂದು ರಣಹದ್ದು. ಸಂಪಾತಿ ತನ್ನ ಕುಲದ ಬಗ್ಗೆ ಸ್ವಲ್ಪ ಸಂಕೋಚದಿಂದಲೇ ಹೇಳಿದ್ದಾನೆ.